ಯೋಗಾಚಾರ್ಯ ತಿರುಮಲೆ ಕೃಷ್ಣಮಾಚಾರ್ಯರು

ಯೋಗಿಯೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಸೀಮೆಯ ಜನರ ಮನಸ್ಸು ಬೆಟ್ಟಗುಡ್ಡಗಳ ಕಡೆಗೆ ಹೊರಳುವುದು ಸಹಜ. ಕೊರಟಗೆರೆಯ ಸಿದ್ಧರಬೆಟ್ಟ, ಅಲ್ಲಿಯ ಗವಿಯೊಳಗಿನ ಸಿದ್ಧೇಶ್ವರನ ಸನ್ನಿಧಿ, ಸುತ್ತಣ ಮೂಲಿಕೆಗಳ ಕಾಡು, ಹಿಂದೆ ಅಲ್ಲಿ ತಪಸ್ಸನ್ನಾಚರಿಸಿದರೆಂದು ಹಿರಿಯರು ಹೇಳುವ ಸಿದ್ಧಪುರುಷರು, ಇವೆಲ್ಲವೂ ಆ ಒಂದು ಮಾತಿನಲ್ಲಿ ಅಡಗಿವೆ. ಯೋಗವೆಂಬುದು ಮನೆಮಠಗಳನ್ನು ತೊರೆದವರ ಸ್ವತ್ತು; ನೇಗಿಲು ಹಿಡಿದವನಿಗೂ, ಅಂಗಡಿಯಲ್ಲಿ ಕುಳಿತವನಿಗೂ, ಮಕ್ಕಳೊಂದಿಗಳಾದ ತಾಯಿಗೂ ಅದು ಸಲ್ಲತಕ್ಕದ್ದಲ್ಲ ಎಂಬ ಭಾವನೆ ಬಹುಕಾಲ ಬೇರೂರಿದ್ದಿತು. ಈಗಲಾದರೋ ಮಧುಗಿರಿ, ಶಿರಾ, ಪಾವಗಡಗಳಂಥ ತಾಲ್ಲೂಕು ಊರುಗಳಲ್ಲಿಯೂ ಯೋಗದ ತರಗತಿಯೆಂಬ ಮಾತು ಯಾರಿಗೂ ಹೊಸದಲ್ಲ. 2015ರಿಂದ ಜೂನ್ 21ನೆಯ ದಿನವನ್ನು ಲೋಕವೇ ಯೋಗದಿನವೆಂದು ಆಚರಿಸುತ್ತಿದೆ. ಗವಿಯಲ್ಲಿದ್ದ ವಿದ್ಯೆ ಶಾಲೆಗೆ ತಾನಾಗಿ ಇಳಿದು ಬಂದುದಲ್ಲ. ಅದನ್ನು ಇಳಿಸಿ ತಂದವರಲ್ಲಿ ಅಗ್ರಗಣ್ಯರಾದವರೊಬ್ಬರು ಶಿರಾ ಪಾವಗಡಗಳಿಗೆ ನೆರೆಯಾದ ಚಿತ್ರದುರ್ಗದ ಸೀಮೆಯಲ್ಲಿಯೇ ಜನ್ಮವೆತ್ತಿದರು. ಅವರೇ ತಿರುಮಲೆ ಕೃಷ್ಣಮಾಚಾರ್ಯರು.

ಅವರು ಶ್ರೀವೈಷ್ಣವ ಮನೆತನದವರು. ನಿಷ್ಠೆಯಲ್ಲಿ ಕಡೆಯವರೆಗೂ ಹಾಗೆಯೇ ಉಳಿದವರು. ಶಿವಭಕ್ತರಾದ ನಾವು ಅವರ ಚರಿತ್ರೆಯನ್ನು ಓದುವುದಕ್ಕೆ ಅದು ಅಡ್ಡಿಯಾಗಬೇಕಿಲ್ಲ. ಗುರುವಿಗೆ ಕೊಟ್ಟ ಮಾತನ್ನು ಸಂಸಾರದ ನಡುವೆ ಉಳಿಸಿಕೊಂಡ ಶಿಷ್ಯನ ಕಥೆಯಿದು. ಇಂಥ ಕಥೆ ಯಾವ ಮನೆಯ ಜಗಲಿಯಲ್ಲಿಯೂ ಸಲ್ಲುತ್ತದೆ.

ಕೃಷ್ಣಮಾಚಾರ್ಯರು ಹುಟ್ಟಿದುದು 1888ನೆಯ ನವೆಂಬರ್ 18ರಂದು, ಮುಚುಕುಂದಪುರವೆಂಬ ಹಳ್ಳಿಯಲ್ಲಿ. ತಂದೆ ಶ್ರೀನಿವಾಸ ತಾತಾಚಾರ್ಯರು ವೇದಾಧ್ಯಾಪಕರು, ತಾಯಿ ರಂಗನಾಯಕಮ್ಮನವರು. ಆರು ಮಕ್ಕಳಲ್ಲಿ ಇವರೇ ಹಿರಿಯರು. ಅಕ್ಷರವನ್ನೂ ಮಂತ್ರವನ್ನೂ ಆಸನದ ಮೊದಲ ಪಾಠವನ್ನೂ ಕಲಿಸಿದವರು ತಂದೆಯೇ. ಆದರೆ ಬಾಲಕನಿಗೆ ಹತ್ತು ವರ್ಷವಾಗುವ ಹೊತ್ತಿಗೆ ಅವರು ತೀರಿಕೊಂಡರು. ಸಂಸಾರವು ಮೈಸೂರನ್ನು ಸೇರಿತು. ಅಲ್ಲಿ ಮುತ್ತಜ್ಜನವರು ಪರಕಾಲ ಮಠದ ಪೀಠದಲ್ಲಿದ್ದರು. ಮಠದ ಆಶ್ರಯದಲ್ಲಿ ವ್ಯಾಕರಣ, ತರ್ಕ, ವೇದಾಂತಗಳ ವ್ಯಾಸಂಗ ನಡೆಯಿತು. ಹದಿನೆಂಟರ ಪ್ರಾಯದಲ್ಲಿ ಕಾಶಿಗೆ ಹೋದರು. ಹಿಂದಿರುಗಿ ಮೈಸೂರಿನಲ್ಲಿ ಓದಿದರು. ಮರಳಿ ಕಾಶಿಗೆ ಹೋದರು. ಮಧುಕರಿ ವೃತ್ತಿಯಿಂದ, ಎಂದರೆ ದಿನಕ್ಕೆ ಏಳು ಮನೆಗಳಲ್ಲಿ ಮಾತ್ರ ಭಿಕ್ಷೆಯೆತ್ತಿ, ದೊರೆತ ಹಿಟ್ಟನ್ನು ಕಲಸಿ ಬೇಯಿಸಿಕೊಂಡು ಷಡ್ದರ್ಶನಗಳನ್ನು ಅಭ್ಯಾಸ ಮಾಡಿದರು. ಈ ವಿದ್ಯಾಭ್ಯಾಸದ ವಿವರವನ್ನೆಲ್ಲ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಅವರಷ್ಟು ಓದಿದ ಪಂಡಿತರು ಆ ಕಾಲದಲ್ಲಿ ಬೇರೆಯೂ ಇದ್ದರು. ಅವರನ್ನು ಬೇರೆಯಾಗಿಸಿದುದು ಮುಂದಿನ ಹೆಜ್ಜೆ.

ಪತಂಜಲಿಯ ಸೂತ್ರಗಳನ್ನು ಓದಿ ಅರ್ಥ ಹೇಳುವವರು ಕಾಶಿಯಲ್ಲಿ ಬೇಕಾದಷ್ಟು ಮಂದಿ. ಅದರಂತೆ ನಡೆದು ತೋರಿಸುವವರು ಸಿಕ್ಕುವುದು ದುರ್ಲಭ. ಅಂಥ ಗುರುವೊಬ್ಬರು ಹಿಮಾಲಯದಾಚೆ ಮಾನಸ ಸರೋವರದ ಪ್ರಾಂತದಲ್ಲಿರುವರೆಂದು ತಮ್ಮ ಅಧ್ಯಾಪಕರಾದ ಗಂಗಾನಾಥ ಝಾ ಅವರಿಂದ ತಿಳಿದು ಕೃಷ್ಣಮಾಚಾರ್ಯರು ಕಾಲ್ನಡಿಗೆಯಲ್ಲಿ ಹೊರಟರು. ರಾಮಮೋಹನ ಬ್ರಹ್ಮಚಾರಿಗಳೆಂಬ ಆ ಗುರುಗಳ ಬಳಿ ಏಳೂವರೆ ವರ್ಷ ಇದ್ದು ಆಸನ, ಪ್ರಾಣಾಯಾಮ, ಚಿಕಿತ್ಸಾಕ್ರಮ, ಸೂತ್ರಾರ್ಥ ಎಲ್ಲವನ್ನೂ ಕಲಿತರು. ಈ ಯಾತ್ರೆಯ ವೃತ್ತಾಂತಕ್ಕೆ ಅವರು ಮಕ್ಕಳಿಗೂ ಶಿಷ್ಯರಿಗೂ ಹೇಳಿದ ಮಾತೇ ಆಧಾರ. ಇದರಲ್ಲಿ ಒಂದು ಸಂಗತಿಯನ್ನು ವಾಚಕರು ವಿಶೇಷವಾಗಿ ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಹೆಸರಿನಲ್ಲಿ ಬ್ರಹ್ಮಚಾರಿಗಳಾದ ಆ ಗುರುಗಳು ಸಂಸಾರಸ್ಥರು. ಆ ಹಿಮದ ನಾಡಿನ ಗವಿಯಲ್ಲಿ ಅವರ ಜೊತೆಗೆ ಪತ್ನಿಯೂ ಮಕ್ಕಳೂ ಇದ್ದರು. ಅಡಿಗೆಯ ಹೊಗೆಯೂ ಮಕ್ಕಳ ಗದ್ದಲವೂ ಧ್ಯಾನದ ಮೌನವೂ ಒಂದೇ ಸೂರಿನಡಿಯಲ್ಲಿ ಬಾಳಿದುದನ್ನು ಶಿಷ್ಯನು ಕಣ್ಣಾರೆ ಕಂಡನು.

ಕಲಿಕೆ ಮುಗಿದ ಮೇಲೆ ಶಿಷ್ಯನು ಗುರುದಕ್ಷಿಣೆಯೇನೆಂದು ಬಿನ್ನವಿಸಿದನು. ಗುರುವು ಹೊನ್ನನ್ನು ಬೇಡಲಿಲ್ಲ. ತಮ್ಮ ಬಳಿಯಲ್ಲಿಯೇ ಉಳಿಯೆಂದೂ ಹೇಳಲಿಲ್ಲ. ಊರಿಗೆ ಹಿಂದಿರುಗಬೇಕು, ಮದುವೆಯಾಗಬೇಕು, ಮಕ್ಕಳನ್ನು ಸಾಕಬೇಕು, ಯೋಗವನ್ನು ಕಲಿಸಬೇಕು. ಅವರು ಕೇಳಿದುದಿಷ್ಟೇ.

ಕೇಳುವುದಕ್ಕೆ ಇದು ಹಗುರವಾದ ದಕ್ಷಿಣೆಯಂತೆ ತೋರುತ್ತದೆ. ಆ ಕಾಲದ ಸ್ಥಿತಿಯನ್ನು ಬಲ್ಲವರಿಗೆ ಅದರ ಭಾರ ತಿಳಿಯುತ್ತದೆ. ಕಾಶಿಯಲ್ಲಿ ಓದಿ ಬಂದ ಪಂಡಿತನಿಗೆ ಸಂಸ್ಥಾನಗಳಲ್ಲಿ ಆಸ್ಥಾನ ಪದವಿಯಿತ್ತು, ಕಾಲೇಜುಗಳಲ್ಲಿ ಅಧ್ಯಾಪಕ ವೃತ್ತಿಯಿತ್ತು, ಮಠದಲ್ಲಿ ಮನ್ನಣೆಯಿತ್ತು. ಯೋಗ ಕಲಿಸುವವನಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಯೋಗವೆಂದರೆ ಜಾತ್ರೆಯಲ್ಲಿ ಮುಳ್ಳಿನ ಮೇಲೆ ಮಲಗುವ ಬೈರಾಗಿಯ ಆಟವೆಂದು ಓದಿದವರು ಎಣಿಸಿದ್ದರು. ಓದದವರು ಹೆದರಿ ದೂರ ಸರಿಯುತ್ತಿದ್ದರು. ಸಂಸಾರ ಮಾಡು, ಆದರೆ ಅನ್ನ ಹುಟ್ಟದ ಕೆಲಸದಿಂದ ಅದನ್ನು ನಡೆಸು ಎಂಬುದು ಗುರುವಾಕ್ಯದ ತಾತ್ಪರ್ಯವಾಯಿತು. ಸನ್ಯಾಸವನ್ನು ಕೇಳಿದ್ದರೆ ಶಿಷ್ಯನಿಗೆ ಬಹುಶಃ ಸುಲಭವಾಗುತ್ತಿತ್ತು.

ಕೃಷ್ಣಮಾಚಾರ್ಯರು ಮೈಸೂರಿಗೆ ಹಿಂದಿರುಗಿ 1925ರಲ್ಲಿ ನಾಮಗಿರಿಯಮ್ಮನವರನ್ನು ವಿವಾಹವಾದರು. ತಮಗೆ ಒದಗಿಬಂದ ಪಂಡಿತ ಪದವಿಗಳನ್ನು ಒಲ್ಲೆನೆಂದರು. ಯೋಗ ಕಲಿಯುವೆನೆಂದು ಬರುವವರಿಲ್ಲ, ಮನೆಯಲ್ಲಿ ಕಾಸಿಲ್ಲ. ಹೆಂಡತಿಯ ಸೀರೆಯ ಅಂಚನ್ನು ಹರಿದು ಕೌಪೀನ ಮಾಡಿಕೊಳ್ಳುವಷ್ಟರ ಬಡತನ ಬಂದಿತೆಂದು ಅವರ ಮನೆಯವರು ನೆನೆಯುತ್ತಿದ್ದರು. ಕಡೆಗೆ ಹಾಸನದ ಕಡೆಯ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಣೆಯ ಕೆಲಸಕ್ಕೆ ನಿಂತರು. ಶಿಖೆಯನ್ನೂ ಊರ್ಧ್ವಪುಂಡ್ರವನ್ನೂ ಧರಿಸಿದ ಷಡ್ದರ್ಶನ ಪಂಡಿತರು ಅರ್ಧ ಷರಾಯಿ, ಅರ್ಧ ತೋಳಿನ ಅಂಗಿ, ಬೂಟು, ಹ್ಯಾಟು ಧರಿಸಿ, ಕೈಯಲ್ಲಿ ಕೋಲು ಹಿಡಿದು ಆಳುಗಳ ಹಾಜರಿ ತೆಗೆಯುತ್ತ ತೋಟದಲ್ಲಿ ಅಲೆದರು. ಅದನ್ನು ಕಂಡು ನಕ್ಕವರೂ ಇದ್ದಿರಬೇಕು. ಕಾಯಕದ ಬೆಲೆಯನ್ನು ಬಲ್ಲ ನಮ್ಮ ವಾಚಕರು ನಗಲಾರರು. ಹೊಟ್ಟೆಯ ಪಾಡಿಗೆ ಯೋಗವನ್ನು ಮಾರದೆ, ಯೋಗಕ್ಕಾಗಿ ಸಂಸಾರವನ್ನು ಉಪವಾಸ ಕೆಡಹದೆ ಇರುವುದಕ್ಕೆ ಅವರು ಕಂಡುಕೊಂಡ ದಾರಿಯದು.

ಬಿಡುವಿನ ದಿನಗಳಲ್ಲಿ ಊರೂರಿಗೆ ಹೋಗಿ ಯೋಗದ ವಿಷಯವಾಗಿ ಉಪನ್ಯಾಸ ಮಾಡುತ್ತಿದ್ದರು. ಬರಿಯ ಉಪನ್ಯಾಸಕ್ಕೆ ಜನ ಕೂಡುವುದಿಲ್ಲವೆಂಬುದು ಬೇಗನೆ ತಿಳಿಯಿತು. ಅದಕ್ಕಾಗಿ ಕಠಿನವಾದ ಆಸನಗಳನ್ನು ಹಾಕಿ ತೋರಿಸಿದರು. ಅಷ್ಟೇ ಅಲ್ಲದೆ ಭಾರವಾದ ವಸ್ತುಗಳನ್ನು ಹಲ್ಲಿನಿಂದ ಎತ್ತಿದರು, ಚಲಿಸುವ ಮೋಟಾರನ್ನು ತಡೆದರು, ನಾಡಿಯ ಮಿಡಿತವನ್ನು ಅಡಗಿಸಿದರು. ಈ ಕೊನೆಯದನ್ನು ಪರೀಕ್ಷಿಸಲು 1935ರಲ್ಲಿ ಫ್ರಾನ್ಸ್ ದೇಶದ ವೈದ್ಯೆ ತೆರೇಸ್ ಬ್ರಾಸ್ ಅವರು ಉಪಕರಣಗಳ ಸಮೇತ ಬಂದುದುಂಟು. ಇಂಥ ಪ್ರದರ್ಶನಗಳ ವಿಷಯದಲ್ಲಿ ನಮ್ಮ ಸಂಪ್ರದಾಯದ ನಿಲುವು ಸ್ಪಷ್ಟವಾಗಿಯೇ ಇದೆ. ಕತ್ತಿಯ ಪೆಟ್ಟಿಗೆ ಖಣಿಲೆಂದು ದನಿಗೊಟ್ಟ ಗೋರಕ್ಷನ ವಜ್ರಕಾಯಕ್ಕೂ, ಕತ್ತಿಯು ಬಯಲನ್ನು ಬೀಸಿದಂತೆ ಹಾದುಹೋದ ಅಲ್ಲಮಪ್ರಭುಗಳ ಕಾಯಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಮೋಟಾರು ತಡೆಯುವುದು ದೊಡ್ಡದಾಗಿ ಕಾಣದು. ಕೃಷ್ಣಮಾಚಾರ್ಯರೂ ಅದನ್ನು ದೊಡ್ಡದೆಂದು ಭಾವಿಸಿದವರಲ್ಲ. ಮುಂದೆ ಮಗನೇ ನಾಡಿಯನ್ನು ನಿಲ್ಲಿಸುವ ಕ್ರಮವನ್ನು ಕಲಿಸಿರೆಂದು ಬೇಡಿದಾಗ, ಅದರಿಂದ ಲೋಕಕ್ಕೆ ಉಪಯೋಗವಿಲ್ಲವೆಂದು ನಿರಾಕರಿಸಿದರು. ಕಿವುಡಾದ ಸಂತೆಯಲ್ಲಿ ಜನರನ್ನು ತಿರುಗಿ ನೋಡುವಂತೆ ಮಾಡಲು ಬಾರಿಸಿದ ಗಂಟೆಯದು.

ಗಂಟೆಯ ದನಿ ಒಂದು ಕಿವಿಗೆ ಸರಿಯಾಗಿ ಮುಟ್ಟಿತು. 1927ರಲ್ಲಿ ಹಾಸನದ ಜ್ಯೂಬಿಲಿ ಹಾಲಿನಲ್ಲಿ ಅವರು ಆಸನಗಳನ್ನು ತೋರಿಸಿದಾಗ, ಹತ್ತಿರದ ಕೌಶಿಕ ಗ್ರಾಮದ ಹನ್ನೆರಡು ವರ್ಷದ ಹುಡುಗನೊಬ್ಬ ಸಭೆಯಲ್ಲಿದ್ದನು. ಮರುದಿನವೇ ಅವರಲ್ಲಿಗೆ ಹೋಗಿ ಕಲಿಸಬೇಕೆಂದು ಕೇಳಿಕೊಂಡನು. ಮುಂದೆ ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಯೋಗಾಧ್ಯಾಪಕರಾಗಿ, ದೇಶವಿದೇಶಗಳಲ್ಲಿ ಹೆಸರಾದ ಪಟ್ಟಾಭಿ ಜೋಯಿಸರೇ ಆ ಹುಡುಗ.

ಅರಮನೆಯ ಕರೆ ಬಂದುದು ಇದಾದ ಮೇಲೆ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು 1931ರಲ್ಲಿ ಅವರನ್ನು ಮೈಸೂರಿನ ಸಂಸ್ಕೃತ ಪಾಠಶಾಲೆಗೆ ಬರಮಾಡಿಕೊಂಡು, 1933ರ ಆಗಸ್ಟಿನಲ್ಲಿ ಜಗನ್ಮೋಹನ ಅರಮನೆಯ ಒಂದು ಭಾಗವನ್ನು ಯೋಗಶಾಲೆಗಾಗಿ ಬಿಟ್ಟುಕೊಟ್ಟರು. ಕೃಷ್ಣಮಾಚಾರ್ಯರಿಗೆ ಆಗ ನಲವತ್ತನಾಲ್ಕು ವರ್ಷ. ಗುರುವಿಗೆ ಮಾತು ಕೊಟ್ಟು ಹತ್ತು ವರ್ಷಗಳ ಮೇಲೆ ಅವರು ತಮ್ಮದೇ ಆದ ಶಾಲೆಯ ಹೊಸ್ತಿಲನ್ನು ತುಳಿದರು.

ನಮ್ಮ ನಾಡಿನಲ್ಲಿ ಯೋಗಕ್ಕೆ ಶಾಲೆಯೇ ಇರಲಿಲ್ಲವೆಂದಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿಯೇ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ ವಟುಗಳ ಶಿಕ್ಷಣದಲ್ಲಿ ಯೋಗಾಭ್ಯಾಸಕ್ಕೆ ಸ್ಥಾನ ಕೊಟ್ಟಿದ್ದರು. ಅಲ್ಲಿ ಕಲಿತವರು ಮಠಗಳನ್ನು ನಡೆಸತಕ್ಕವರು; ಅದರ ಗುರಿ ಶಿವಯೋಗ. ಮೈಸೂರಿನ ಶಾಲೆಗೆ ಬಂದವರಾದರೋ ಅರಸು ಮನೆತನಗಳ ಹುಡುಗರು ಮತ್ತು ನೆರೆಹೊರೆಯ ಬಾಲಕರು. ಎಲ್ಲರೂ ನಾಳೆ ಮನೆ ಕಟ್ಟಿಕೊಂಡು ಬಾಳತಕ್ಕವರು. ಅವರಿಗೆ ವೈರಾಗ್ಯವನ್ನು ಬೋಧಿಸಿದರೆ ಕೇಳುವವರಾರು? ಚಿಕ್ಕ ಹುಡುಗರು ಕಣ್ಣು ಮುಚ್ಚಿ ಕುಳಿತುಕೊಳ್ಳಲಾರರೆಂಬುದನ್ನು ಅರಿತ ಆಚಾರ್ಯರು ಅವರ ಚೈತನ್ಯವನ್ನೇ ಸಾಧನವಾಗಿ ಬಳಸಿಕೊಂಡರು. ಒಂದು ಆಸನಕ್ಕೆ ಹೋಗುವ, ಅದರಿಂದ ಹೊರಬರುವ ಪ್ರತಿಯೊಂದು ಚಲನೆಗೂ ಉಸಿರನ್ನು ಹೊಂದಿಸಿ, ಎಣಿಕೆ ಹಾಕಿ, ಹಾರಿ ಹಿಂದಕ್ಕೂ ಮುಂದಕ್ಕೂ ಬರುವ ಕ್ರಮವನ್ನು ಕಲಿಸಿದರು. ಇದಕ್ಕೆ ವಿನ್ಯಾಸವೆಂದು ಹೆಸರು.

ಈ ಕ್ರಮವು ಎಲ್ಲಿಂದ ಬಂದಿತೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ವಾದವಿದೆ. ತಾವು ಗುರುಮುಖದಿಂದ ಪಡೆದುದೆಂದು ಆಚಾರ್ಯರು ಹೇಳುತ್ತಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿರುವುದನ್ನು ತೋರಿಸಿ, ಅರಮನೆಯಲ್ಲಿ ಮೊದಲೇ ಒಂದು ಪರಂಪರೆ ಇದ್ದಿತೆಂದು ಕೆಲವರು ಹೇಳುವರು. ಅದೇ ಅರಮನೆಯ ಆಶ್ರಯದಲ್ಲಿ ಬೆಳೆದ ಗರಡಿ ಮತ್ತು ವ್ಯಾಯಾಮದ ಪ್ರಭಾವವನ್ನು ಕಾಣುವವರೂ ಉಂಟು. ಮೂರೂ ಸೇರಿರಬಾರದೇಕೆ? ಒಳ್ಳೆಯ ಉಪಾಧ್ಯಾಯನು ತನ್ನ ಗುರುವಿನ ಪಾಠವನ್ನು ಎದುರಿಗಿರುವ ಮಕ್ಕಳ ಮೈಗೆ ಒಗ್ಗಿಸದೆ ಇರಲಾರನು.

ಅರಮನೆಯ ಪ್ರೋತ್ಸಾಹದಿಂದ ಅವರು ಕನ್ನಡದಲ್ಲಿಯೇ ಯೋಗಮಕರಂದವೆಂಬ ಗ್ರಂಥವನ್ನು ಬರೆದು 1934ರಲ್ಲಿ ಪ್ರಕಟಿಸಿದರು. 1941ರಲ್ಲಿ ಯೋಗಾಸನಗಳು ಎಂಬ ಇನ್ನೊಂದು ಗ್ರಂಥ ಬಂದಿತು. ಅದರಲ್ಲಿ ಆಸನಗಳನ್ನು ಅಭ್ಯಾಸಿಯ ಶಕ್ತಿಗೆ ತಕ್ಕಂತೆ ಮೂರು ವರ್ಗಗಳಾಗಿ ವಿಂಗಡಿಸಿ ಪಟ್ಟಿ ಕೊಟ್ಟಿದ್ದಾರೆ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಸಲ್ಲದೆಂಬುದನ್ನು ಗುಂಪಿನ ಪಾಠದ ನಡುವೆಯೂ ಅವರು ಮರೆತಿರಲಿಲ್ಲವೆಂಬುದಕ್ಕೆ ಈ ಪಟ್ಟಿಯೇ ಸಾಕ್ಷಿ. ಲೋಕವೆಲ್ಲ ಇಂದು ಇಂಗ್ಲಿಷಿನಲ್ಲಿ ಓದುವ ಈ ವಿದ್ಯೆಯ ಮೊದಲ ಕೈಪಿಡಿಗಳಲ್ಲಿ ಎರಡು ನಮ್ಮ ನುಡಿಯಲ್ಲಿ ಹುಟ್ಟಿದುವೆಂಬುದನ್ನು ಕನ್ನಡಿಗರೇ ಮರೆತಂತಿದೆ.

ಆದರೆ ಅವರು ಶಾಂತಮೂರ್ತಿಗಳೆಂದು ಭಾವಿಸಬಾರದು. ಯೋಗಶಾಲೆಯಲ್ಲಿ ಅವರ ಹೆಜ್ಜೆಯ ಸಪ್ಪಳಕ್ಕೆ ಹುಡುಗರು ನಡುಗುತ್ತಿದ್ದರು. ಹೆಂಡತಿಯ ತಮ್ಮನಾದ ಬಿ. ಕೆ. ಎಸ್. ಅಯ್ಯಂಗಾರರು 1934ರಲ್ಲಿ ಹದಿನೈದರ ಪ್ರಾಯದಲ್ಲಿ ಅವರ ಮನೆಗೆ ಬಂದು ಸೇರಿದರು. ವಿಷಮಜ್ವರ, ಮಲೇರಿಯ, ಕ್ಷಯಗಳಿಂದ ಬಡಕಲಾದ ಆ ಹುಡುಗನಿಗೆ ಯೋಗ ಒಲಿಯದೆಂದು ಭಾವನವರು ಬಹುದಿನ ಕಲಿಸಲೇ ಇಲ್ಲ. ಒಂದು ಪ್ರದರ್ಶನಕ್ಕೆ ಮುಂಚೆ ನೆಚ್ಚಿನ ಶಿಷ್ಯನು ಹೇಳದೆ ಹೊರಟುಹೋದಾಗ, ಕೆಲವೇ ದಿನಗಳಲ್ಲಿ ಇವನನ್ನು ತಯಾರು ಮಾಡಿದರು. ಎಳೆಯ ಮೈಗೆ ಮೀರಿದ ಆಸನವನ್ನು ಸಭೆಯಲ್ಲಿ ಹಾಕಿಸಿ ಸ್ನಾಯು ಹರಿದ ಪ್ರಸಂಗವೂ ನಡೆಯಿತು. ತಮಗೆ ನೇರವಾಗಿ ದೊರೆತ ಪಾಠ ಹತ್ತು ಹದಿನೈದು ದಿನಗಳದು ಮಾತ್ರವೆಂದು ಅಯ್ಯಂಗಾರರು ಮುಂದೆ ಹೇಳಿಕೊಂಡಿದ್ದಾರೆ. ಗುರುಭಕ್ತಿಯ ಹೆಸರಿನಲ್ಲಿ ಇದನ್ನು ಮುಚ್ಚಿಡುವುದು ಸಲ್ಲದು. ವಿದ್ಯೆಯು ದೊಡ್ಡದಾದಾಗಲೂ ಅದನ್ನು ಕೊಡುವ ಕೈ ಒರಟಾಗಿರಬಹುದು.

ಮಹಾರಾಜರು ಯೋಗಪ್ರಚಾರಕ್ಕಾಗಿ ಆಚಾರ್ಯರನ್ನೂ ಶಿಷ್ಯರನ್ನೂ ಊರೂರಿಗೆ ಕಳುಹಿಸುತ್ತಿದ್ದರು. 1936ರಲ್ಲಿ ಈ ತಂಡವು ಉತ್ತರ ಕರ್ನಾಟಕದಲ್ಲಿ ಸಂಚರಿಸುತ್ತ ಧಾರವಾಡಕ್ಕೆ ಹೋಯಿತು. ಅಲ್ಲಿಯ ಕೆಲವು ಮಹಿಳೆಯರು ತಮಗೂ ಕಲಿಸಬೇಕೆಂದು ಕೇಳಿದರು. ಹೆಂಗಸರ ಮುಂದೆ ನಿಂತು ಕಲಿಸಲು ಹಿರಿಯ ಶಿಷ್ಯರು ಹಿಂಜರಿದರು. ತಂಡದಲ್ಲಿ ಎಲ್ಲರಿಗಿಂತ ಕಿರಿಯನೆಂಬ ಒಂದೇ ಕಾರಣದಿಂದ ಆ ಕೆಲಸ ಅಯ್ಯಂಗಾರರ ಪಾಲಿಗೆ ಬಂದಿತು. ಮುಂದೆ ಲೋಕವಿಖ್ಯಾತರಾದ ಗುರುಗಳೊಬ್ಬರ ಮೊದಲ ತರಗತಿ ನಡೆದುದು ಹೀಗೆ, ನಮ್ಮ ಧಾರವಾಡದಲ್ಲಿ, ಕನ್ನಡದ ಹೆಣ್ಣುಮಕ್ಕಳಿಗೆ. ಮರುವರ್ಷ ಪುಣೆಯಿಂದ ಕರೆ ಬಂದಾಗಲೂ ಅಲ್ಪಸ್ವಲ್ಪ ಇಂಗ್ಲಿಷ್ ಬಲ್ಲವನೆಂದು ಅವರನ್ನೇ ಕಳುಹಿಸಿದರು. ಹದಿನೆಂಟು ವರ್ಷದ ಉಪಾಧ್ಯಾಯ. ಎದುರಿಗೆ ತನಗಿಂತ ಬಲಿಷ್ಠರೂ ಓದಿದವರೂ ಆದ ಕಾಲೇಜು ವಿದ್ಯಾರ್ಥಿಗಳು. ಊರಿನ ಮರಾಠಿ ಮಾತು ಬಾರದು. ತಾನು ಕಲಿಯದೆ ಬಿಟ್ಟುದನ್ನು ದಿನಕ್ಕೆ ಹಲವು ಗಂಟೆ ಒಬ್ಬನೇ ಅಭ್ಯಾಸ ಮಾಡಿ ಮರುದಿನ ಕಲಿಸಬೇಕಾಗಿ ಬಂದಿತು.

ಹೆಂಗಸರಿಗೆ ಕಲಿಸುವ ವಿಷಯದಲ್ಲಿ ಆಚಾರ್ಯರ ಮನಸ್ಸು ತೆರೆದುದು ನಿಧಾನವಾಗಿ. ಮನೆಯಲ್ಲಿ ಪತ್ನಿಗೂ ಪುತ್ರಿಯರಿಗೂ ಕಲಿಸಿದ್ದರು. 1938ರಲ್ಲಿ ತೆಗೆದ ಮೂಕಚಿತ್ರದಲ್ಲಿ ನಾಮಗಿರಿಯಮ್ಮನವರೂ ಮಕ್ಕಳೂ ಆಸನಗಳನ್ನು ಹಾಕುತ್ತಿರುವುದನ್ನು ಈಗಲೂ ನೋಡಬಹುದು. ಹೊರಗಿನವರ ಮಾತು ಬೇರೆ. ರೀಗಾ ನಗರದಲ್ಲಿ ಹುಟ್ಟಿದ ಇಂದ್ರಾದೇವಿಯವರು ಬಂದು ಕೇಳಿದಾಗ ಮೊದಲು ಆಗದೆಂದರು. ಮಹಾರಾಜರು ಒತ್ತಾಯಿಸಿದ ಮೇಲೆ, ತಾನಾಗಿ ಬಿಟ್ಟು ಹೋಗಲೆಂಬಂತೆ ಆಹಾರದಲ್ಲಿಯೂ ದಿನಚರಿಯಲ್ಲಿಯೂ ಕಠಿನ ನಿಯಮಗಳನ್ನು ವಿಧಿಸಿದರು. ಆಕೆ ಬಿಡಲಿಲ್ಲ. ಕಡೆಗೆ ಆಚಾರ್ಯರೇ ಮೆಚ್ಚಿ, ಇನ್ನು ನೀನು ಇತರರಿಗೆ ಕಲಿಸಬೇಕೆಂದು ಆಜ್ಞಾಪಿಸಿದರು. ಆಕೆ 1939ರಲ್ಲಿ ಚೀನದ ಶಾಂಘಾಯಿಯಲ್ಲಿಯೂ, ಮುಂದೆ ಅಮೆರಿಕದ ಹಾಲಿವುಡ್‌ನಲ್ಲಿಯೂ ತರಗತಿಗಳನ್ನು ತೆರೆದರು. ಗುರುಗಳು ಮಾತ್ರ ಸಮುದ್ರವನ್ನು ದಾಟಿದವರೇ ಅಲ್ಲ.

1940ರಲ್ಲಿ ನಾಲ್ವಡಿಯವರು ಕಾಲವಾದರು. ಸ್ವಾತಂತ್ರ್ಯ ಬಂದು ಸಂಸ್ಥಾನವು ಒಕ್ಕೂಟದಲ್ಲಿ ವಿಲೀನವಾಯಿತು. ಆಸರೆ ತಪ್ಪಿದ ಯೋಗಶಾಲೆ 1950ರಲ್ಲಿ ಮುಚ್ಚಿತು. ಮೂವರು ಗಂಡು, ಮೂವರು ಹೆಣ್ಣು ಮಕ್ಕಳ ತಂದೆ, ಅರುವತ್ತು ದಾಟಿದ ಮೇಲೆ ಮತ್ತೆ ಕೆಲಸವಿಲ್ಲದವರಾದರು. ವಿರಕ್ತನಾಗಿದ್ದರೆ ಜೋಳಿಗೆ ಹಿಡಿದು ಹೊರಡಬಹುದಾಗಿತ್ತು. ಗುರುದಕ್ಷಿಣೆಯು ಆ ದಾರಿಯನ್ನು ಎಂದೋ ಮುಚ್ಚಿತ್ತು. ಪಾರ್ಶ್ವವಾಯು ಬಡಿದ ಮದ್ರಾಸಿನ ನ್ಯಾಯವೇತ್ತರೊಬ್ಬರ ಶುಶ್ರೂಷೆಗಾಗಿ ಕರೆ ಬರಲು, 1952ರಲ್ಲಿ ಅಲ್ಲಿಗೆ ಹೋಗಿ ನೆಲಸಿದರು.

ಆಚಾರ್ಯರ ಬಾಳಿನ ಎರಡನೆಯ ಪಾಠಶಾಲೆ ಮದ್ರಾಸು ಎನ್ನಬೇಕು. ಅಲ್ಲಿ ಹಾರುವ ಹುಡುಗರಿಲ್ಲ. ಬಂದವರು ಸಕ್ಕರೆಯ ರೋಗಿಗಳು, ಉಬ್ಬಸದವರು, ಬೆನ್ನುನೋವಿನ ಗುಮಾಸ್ತರು, ಗರ್ಭಿಣಿಯರು, ಮುದುಕರು. ಅವರು ಗುಂಪಿನ ಪಾಠವನ್ನು ಬಿಟ್ಟು ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಕಲಿಸತೊಡಗಿದರು. ಮೊದಲು ನಾಡಿಯನ್ನು ನೋಡುವರು. ಉಣ್ಣುವುದೇನು, ಮಲಗುವುದೆಷ್ಟು, ಮಾಡುವ ಕೆಲಸವೇನು ಎಂದು ವಿಚಾರಿಸುವರು. ಆ ಮೇಲೆ ಅವರಿಗೆಂದೇ ಒಂದು ಕ್ರಮವನ್ನು ಹಾಕಿಕೊಡುವರು. ಕುಳಿತುಕೊಳ್ಳಲಾಗದವನಿಗೆ ಕುರ್ಚಿ; ಕೈಯೆತ್ತಲಾಗದವನಿಗೆ ಬರಿಯ ಉಸಿರು. ಅನ್ಯಮತದವರಿಗೆ ತಮ್ಮ ದೇವರ ಹೆಸರನ್ನು ಹೇರಲಿಲ್ಲ. ಅವರವರು ನಂಬಿದುದನ್ನೇ ಧ್ಯಾನಿಸಲು ಹೇಳಿದರು. ಒಂದು ಕಾಲಕ್ಕೆ ಹೆಣ್ಣೆಂದು ಶಿಷ್ಯೆಯನ್ನು ತಿರುಗಿಸಿ ಕಳುಹಿಸಿದವರು ಹೆಂಗಸರಿಗೆ ವೇದಪಠನವನ್ನೂ ಹೇಳಿಕೊಟ್ಟರು. ಮೈಸೂರಿನಲ್ಲಿ ಶಿಷ್ಯನನ್ನು ಪಾಠಕ್ಕೆ ಬಗ್ಗಿಸಿದ ಗುರುವು ಇಲ್ಲಿ ಪಾಠವನ್ನು ಶಿಷ್ಯನಿಗೆ ಬಗ್ಗಿಸಿದರು. ಮುಪ್ಪಿನಲ್ಲಿ ಮನುಷ್ಯನ ಪಟ್ಟು ಬಿಗಿಯಾಗುವುದೇ ಲೋಕದ ರೂಢಿ. ಅರುವತ್ತರ ಮೇಲೆ ಹೀಗೆ ಕೈ ಮೆತ್ತಗಾದುದು ನನಗೆ ಮೋಟಾರನ್ನು ತಡೆದುದಕ್ಕಿಂತ ದೊಡ್ಡ ಸಾಹಸವಾಗಿ ಕಾಣುತ್ತದೆ.

ಮಕ್ಕಳಿಗೆ ತಂದೆಯ ವೃತ್ತಿಯಲ್ಲಿ ಆಕರ್ಷಣೆಯಿರಲಿಲ್ಲ; ಅದರಲ್ಲಿ ಅನ್ನವಿಲ್ಲವೆಂಬುದನ್ನು ಅವರು ಉಂಡು ತಿಳಿದಿದ್ದರು. ಎರಡನೆಯ ಮಗನಾದ ದೇಶಿಕಾಚಾರ್ಯರು ಎಂಜಿನಿಯರಿಂಗ್ ಓದಿ ಕೆಲಸ ಹಿಡಿಯುವುದರಲ್ಲಿದ್ದರು. 1960ರ ದಶಕದ ಆರಂಭದಲ್ಲಿ ಒಂದು ಬೆಳಿಗ್ಗೆ ಅವರು ಜಗಲಿಯಲ್ಲಿ ಕುಳಿತಿದ್ದಾಗ ಮನೆಯ ಮುಂದೆ ದೊಡ್ಡ ಕಾರೊಂದು ನಿಂತಿತು. ನ್ಯೂಜಿಲೆಂಡಿನ ಮಹಿಳೆಯೊಬ್ಬರು ಇಳಿದು ಬಂದು, ಬೀದಿಯಲ್ಲಿಯೇ ಆ ವೃದ್ಧ ಆಚಾರ್ಯರನ್ನು ಹರ್ಷದಿಂದ ತಬ್ಬಿಕೊಂಡರು. ಎಷ್ಟೋ ವರ್ಷಗಳಿಂದ ಗುಳಿಗೆಯಿಲ್ಲದೆ ನಿದ್ರೆ ಬಾರದ ಆಕೆ ಹಿಂದಿನ ರಾತ್ರಿ ಚೆನ್ನಾಗಿ ನಿದ್ರೆ ಮಾಡಿದ್ದರು. ಮನೆಯಲ್ಲಿಯೇ ಇದ್ದ ನಿಧಿಯನ್ನು ಮಗನು ಆ ದಿನ ಕಂಡನು. ಕಲಿಸಿರೆಂದು ಕೇಳಿದಾಗ ತಂದೆಯು ಒಡನೆಯೇ ಒಪ್ಪಲಿಲ್ಲ. ನಸುಕಿನ ಮೂರೂವರೆಗೆ ಎಬ್ಬಿಸಿ, ಇದು ಕ್ಷಣಿಕ ಹುಮ್ಮಸ್ಸಲ್ಲವೆಂದು ಖಚಿತವಾಗುವವರೆಗೆ ಪರೀಕ್ಷಿಸಿದರು. ದೇಶಿಕಾಚಾರ್ಯರು ಎಂಜಿನಿಯರ್ ವೃತ್ತಿಯನ್ನು ಬಿಟ್ಟರು. 1976ರಲ್ಲಿ ತಂದೆಯ ಹೆಸರಿನಲ್ಲಿಯೇ ಮದ್ರಾಸಿನಲ್ಲಿ ಯೋಗಮಂದಿರವನ್ನು ಸ್ಥಾಪಿಸಿದರು.

ತೊಂಬತ್ತಾರನೆಯ ವಯಸ್ಸಿನಲ್ಲಿ ಆಚಾರ್ಯರು ಬಿದ್ದು ಸೊಂಟದ ಮೂಳೆಯನ್ನು ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಬೇಡವೆಂದರು. ಮಲಗಿದ್ದಲ್ಲಿಯೇ ಮಾಡಬಹುದಾದ ಅಭ್ಯಾಸಕ್ರಮವೊಂದನ್ನು ತಮಗಾಗಿ ತಾವೇ ರಚಿಸಿಕೊಂಡು, ರೋಗಿಗಳಿಗೆ ಹೇಳಿಕೊಡುತ್ತಿದ್ದ ಶಿಸ್ತಿನಿಂದಲೇ ಅದನ್ನು ನಡೆಸಿದರು. 1988ರಲ್ಲಿ ಅವರ ಶತಮಾನೋತ್ಸವ ನಡೆಯಿತು. 1989ನೆಯ ಫೆಬ್ರವರಿ 28ರಂದು ಮದ್ರಾಸಿನಲ್ಲಿ ದೇಹವನ್ನು ಬಿಟ್ಟಾಗ ಅವರಿಗೆ ನೂರು ವರ್ಷ ತುಂಬಿ ಮೂರು ತಿಂಗಳು ಕಳೆದಿದ್ದವು.